ಬೆನ್ನಚೀಲದ ಒಲೆ

ಬೆಟ್ಟಗಾಡಿನಲ್ಲಿ ಕೆಲವು ದಿನ ನಡೆದು, ರಾತ್ರಿ ಗುಡಾರದಲ್ಲಿ ತಂಗಿ, ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳಬೇಕೆಂಬ ಹಂಬಲವುಳ್ಳವನು ಚಾರಣ ಸಾಮಗ್ರಿಯ ಅಂಗಡಿಗೆ ಹೋಗಿ ಒಲೆಯೊಂದನ್ನು ಕೇಳಿದರೆ, ಅಂಗಡಿಯವನು ಅವನ ಮುಂದೆ ತಂದಿಡುವುದು ಮುಷ್ಟಿಯಲ್ಲಿ ಅಡಗುವ, ಮೂರು ನಾಲ್ಕು ಕಾಲುಗಳನ್ನು ಮಡಚಿಕೊಂಡಿರುವ ಒಂದು ಪುಟ್ಟ ಲೋಹದ ಬರ್ನರನ್ನು. ಅದರ ತೂಕ ಇಷ್ಟೇ ಗ್ರಾಂ, ಅದು ಒಂದು ಲೀಟರು ನೀರನ್ನು ಕುದಿಸುವುದು ಇಷ್ಟೇ ನಿಮಿಷದಲ್ಲಿ, ಅದರ ಲೋಹ ಟೈಟಾನಿಯಂ ಎಂದು ಅವನು ವರ್ಣಿಸುತ್ತಾನೆ; ಕೊಳ್ಳುವವನೂ ಆ ಮೂರು ಗುಣಗಳನ್ನೇ ತೂಗಿ ನೋಡಿ ಹಣ ತೆತ್ತು ಹೊರಡುತ್ತಾನೆ. ಆ ಬರ್ನರಿನ ಕೆಳಗೆ ಕೂರಬೇಕಾದ ಡಬ್ಬಿಯಲ್ಲಿ ಯಾವ ಅನಿಲವಿದೆ, ಆ ಡಬ್ಬಿ ತಾನು ಹೋಗುವ ಊರಿನಲ್ಲಿ ದೊರೆಯುವುದೆ, ಅಲ್ಲಿಯ ಮುಂಜಾವದ ಚಳಿಯಲ್ಲಿ ಆ ಅನಿಲ ಮೇಲೇಳುವುದೆ ಎಂಬ ಪ್ರಶ್ನೆಗಳನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಒಲೆಯ ಆಯ್ಕೆಯೆಂಬುದು ವಸ್ತುತಃ ಅನಿಲದ ಆಯ್ಕೆ. ಅನಿಲದ ಆಯ್ಕೆಯನ್ನು ನಿರ್ಣಯಿಸುವುದು ಹೋಗುವ ಸ್ಥಳ ಮತ್ತು ಅಲ್ಲಿಯ ಶೀತ. ಬರ್ನರಿನ ವಿಚಾರ ಇವೆರಡೂ ಇತ್ಯರ್ಥವಾದ ಮೇಲೆ ಬರತಕ್ಕದ್ದು.

ಮೂರು ಕಲ್ಲು ಹೂಡಿ ಪುಳ್ಳೆ ಸೌದೆ ಉರಿಸಿದರಾಗದೆ ಎಂದು ಕೇಳುವವರು ಈಗಲೂ ಉಂಟು. ಆಗದು. ಕರ್ನಾಟಕದ ಮೀಸಲು ಅರಣ್ಯಗಳಲ್ಲಿ ಬೆಂಕಿ ಹೊತ್ತಿಸುವುದನ್ನು 1963ರ ಅರಣ್ಯ ಕಾಯಿದೆಯೇ ನಿಷೇಧಿಸಿದೆ. ಮಾಘ ಫಾಲ್ಗುಣಗಳಲ್ಲಿ ಕುದುರೆಮುಖದ ಸುತ್ತಣ ಹುಲ್ಲುಗಾವಲು ಒಣಗಿ ನಿಂತಿರುವುದನ್ನು ಕಂಡವರಿಗೆ ಆ ನಿಷೇಧದ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನಿಷೇಧ ಗ್ಯಾಸಿನ ಒಲೆಗೆ ರಿಯಾಯಿತಿ ಕೊಡುತ್ತದೆಂದು ಯಾರೂ ಭ್ರಮಿಸಬಾರದು. ಇಲಾಖೆಯವರ ಅನುಮತಿಯಿಲ್ಲದೆ ನಮ್ಮ ಕಾಡುಗಳಲ್ಲಿ ರಾತ್ರಿ ತಂಗುವುದಕ್ಕೇ ಎಡೆಯಿಲ್ಲ. ಆದ್ದರಿಂದ ಬೆಂಗಳೂರು ಮೈಸೂರುಗಳಲ್ಲಿ ಮಾರಾಟವಾಗುವ ಈ ಒಲೆಗಳಲ್ಲಿ ಹೆಚ್ಚಿನವು ನಿಜವಾಗಿ ಉರಿಯುವುದು ಹಿಮಾಲಯದಲ್ಲಿ. ಅಲ್ಲಿಯಾದರೋ ವೃಕ್ಷಸೀಮೆಯನ್ನು ದಾಟಿದ ಮೇಲೆ ಸೌದೆಯೆಂಬುದೇ ಇಲ್ಲ. ಇರುವ ಕುರುಚಲು ಪೊದೆಗಳು ಅಷ್ಟು ಬೆಳೆಯಲು ದಶಕಗಳನ್ನು ತೆಗೆದುಕೊಂಡಿರುತ್ತವೆ.

ಹೊತ್ತು ನಡೆಯುವ ಒಲೆಯ ಚರಿತ್ರೆಯನ್ನು ಸೀಮೆಎಣ್ಣೆಯಿಂದ ಮೊದಲುಮಾಡಬಹುದು. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ, ಬತ್ತಿಯಿಲ್ಲದೆ, ಗಾಳಿಯ ಒತ್ತಡದಿಂದ ಎಣ್ಣೆಯನ್ನು ಕಾದ ನಳಿಗೆಗೆ ಏರಿಸಿ ಆವಿಯಾಗಿಸಿ ಉರಿಸುವ ಪ್ರೈಮಸ್ ಒಲೆ, ನಮ್ಮ ಹಿಂದಿನ ತಲೆಮಾರಿನ ಅಡುಗೆಮನೆಗಳಲ್ಲಿ ಪಂಪ್ ಸ್ಟೌ ಎಂಬ ಹೆಸರಿನಲ್ಲಿ ಭರ್ರೆಂದು ಗದ್ದಲ ಮಾಡುತ್ತಿದ್ದ ಆ ಹಿತ್ತಾಳೆಯ ಒಲೆಯೇ. ನ್ಯಾನ್ಸೆನ್ನನು 1893ರಿಂದ 1896ರವರೆಗಿನ ತನ್ನ ಉತ್ತರಧ್ರುವ ಯಾತ್ರೆಗೂ, ಅಮುಂಡ್ಸೆನ್ನನು 1911ರಲ್ಲಿ ದಕ್ಷಿಣಧ್ರುವಕ್ಕೂ ಕೊಂಡೊಯ್ದದ್ದು ಇದನ್ನು. ಪರ್ವತಾರೋಹಣದಲ್ಲಿ ಒಲೆಯ ಬೆಲೆ ಎಷ್ಟೆಂಬುದು ಮನದಟ್ಟಾಗಬೇಕಾದರೆ ಎವರೆಸ್ಟಿನ ಎರಡು ವರ್ಷಗಳನ್ನು ಒಟ್ಟಿಗಿಟ್ಟು ನೋಡಬೇಕು. 1952ರ ಮೇ ತಿಂಗಳಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ಸುಮಾರು 8400 ಮೀಟರು ಎತ್ತರದ ಗುಡಾರದಲ್ಲಿ, ಮಲಗುಚೀಲವೂ ಒಲೆಯೂ ಇಲ್ಲದೆ, ಮೇಣದಬತ್ತಿಯೊಂದರ ಉರಿಯಲ್ಲಿ ಚೂರು ಹಿಮವನ್ನು ಕರಗಿಸಿ ತುಟಿ ತೇವ ಮಾಡಿಕೊಳ್ಳುತ್ತ ರಾತ್ರಿ ಕಳೆದರು. ಮರುದಿನ ಶಿಖರ ಕೈಗೆಟುಕದೆ ಹಿಂದಿರುಗಿದರು. ಮಾರನೆಯ ವರ್ಷ ಶಿಖರವೇರಿದ ಬ್ರಿಟಿಷ್ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ, ಎತ್ತರದಲ್ಲಿ ಮನುಷ್ಯನನ್ನು ಕೆಡಹುವ ಕಾರಣಗಳಲ್ಲಿ ನಿರ್ಜಲತೆ ಪ್ರಮುಖವಾದುದೆಂದು ಕಂಡುಕೊಂಡು, ಹಿಮ ಕರಗಿಸಿ ಸಾಕಷ್ಟು ನೀರು ಕುಡಿಯುವಂತೆ ತಂಡದ ಒಲೆಗಳನ್ನೇ ಮಾರ್ಪಡಿಸಿದ್ದನು. ಆ ಗೆಲುವಿನ ಕಾರಣವಾಗಿ ಆಮ್ಲಜನಕದ ಪ್ರಸ್ತಾಪ ಎಲ್ಲ ಪುಸ್ತಕಗಳಲ್ಲಿಯೂ ಬರುತ್ತದೆ. ಒಲೆಯ ಪ್ರಸ್ತಾಪ ಬರುವುದು ಕೆಲವುಗಳಲ್ಲಿ ಮಾತ್ರ.

ಪಂಪ್ ಸ್ಟೌವಿಗೆ ದಣಿವಿಲ್ಲ, ಚಳಿಯ ಭಯವಿಲ್ಲ. ಆದರೆ ಅದಕ್ಕೆ ಮೊದಲು ಸ್ಪಿರಿಟ್ ಹೊಯ್ದು ಕಾಯಿಸಬೇಕು, ಆಮೇಲೆ ಪಂಪು ಹೊಡೆಯಬೇಕು, ಕಸ ಕಟ್ಟಿದರೆ ಪಿನ್ನು ಹಾಕಬೇಕು. ಈ ಸೇವೆಯನ್ನೆಲ್ಲ ತಪ್ಪಿಸಿದ್ದು ದ್ರವೀಕೃತ ಅನಿಲ. 1949ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಕ್ಯಾಂಪಿಂಗ್ ಗ್ಯಾಸ್ ಸಂಸ್ಥೆಯ ನೀಲಿ ಡಬ್ಬಿಗಳು ಯೂರೋಪಿನ ಬೆಟ್ಟಗಳಲ್ಲೆಲ್ಲ ಹರಡಿದವು. ಅವುಗಳಲ್ಲಿ ಒಂದು ಬಗೆಯ ಡಬ್ಬಿಯನ್ನು ಒಲೆಯ ಮೊನೆಯೇ ಚುಚ್ಚಿ ತೂತು ಮಾಡುತ್ತಿತ್ತಾದ್ದರಿಂದ, ಒಮ್ಮೆ ಜೋಡಿಸಿದ ಮೇಲೆ ಅನಿಲ ಮುಗಿಯುವ ತನಕ ಬಿಡಿಸುವಂತಿರಲಿಲ್ಲ. ಇಂದು ಚಾರಣಿಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ತಿರುಪಿನ ಡಬ್ಬಿ: ಬರ್ನರನ್ನು ತಿರುಗಿಸಿ ಕೂರಿಸಿದರೆ ಅದರ ಕವಾಟ ತೆರೆದುಕೊಳ್ಳುತ್ತದೆ, ಬಿಚ್ಚಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ತಿರುಪಿನ ಅಳತೆ ಇಎನ್ 417 ಎಂಬ ಯೂರೋಪಿಯನ್ ಮಾನಕಕ್ಕೆ ಒಳಪಟ್ಟಿರುವುದರಿಂದ ಒಬ್ಬ ತಯಾರಕನ ಬರ್ನರು ಮತ್ತೊಬ್ಬನ ಡಬ್ಬಿಗೆ ಸಾಮಾನ್ಯವಾಗಿ ಹೊಂದುತ್ತದೆ. ಮೂರನೆಯದು, ಜಪಾನ್ ಕೊರಿಯಾಗಳಲ್ಲಿ ಊಟದ ಮೇಜಿನ ಮೇಲೆ ಅಡುಗೆ ಮಾಡಲು ಬಳಸುವ, ಕೀಟನಾಶಕದ ಡಬ್ಬಿಯಂತೆ ಉದ್ದನಾದ, ಸುಮಾರು 220 ಗ್ರಾಂ ಅನಿಲ ಹಿಡಿಯುವ ಡಬ್ಬಿ. ನಮ್ಮ ಪಟ್ಟಣಗಳಲ್ಲಿ ಸುಲಭವಾಗಿ, ಸೋವಿಯಾಗಿ ದೊರೆಯುವುದು ಇದು. ಬೆಟ್ಟದಲ್ಲಿ ಕೈಕೊಡುವುದೂ ಬಹುಮಟ್ಟಿಗೆ ಇದೇ.

ಅದೇಕೆಂಬುದನ್ನು ತಿಳಿಯಲು ಅನಿಲಗಳ ಸ್ವಭಾವವನ್ನು ನೋಡಬೇಕು. ಈ ಡಬ್ಬಿಗಳಲ್ಲಿ ತುಂಬುವುದು ಮೂರು ಹೈಡ್ರೋಕಾರ್ಬನ್ನುಗಳನ್ನು: ಬ್ಯೂಟೇನ್, ಅದರ ದಾಯಾದಿಯಾದ ಐಸೋಬ್ಯೂಟೇನ್, ಮತ್ತು ಪ್ರೊಪೇನ್. ಸಮುದ್ರಮಟ್ಟದ ವಾಯುಭಾರದಲ್ಲಿ ಬ್ಯೂಟೇನ್ ಕುದಿದು ಆವಿಯಾಗುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಐಸೋಬ್ಯೂಟೇನ್ ಮೈನಸ್ 12 ಡಿಗ್ರಿಯ ಸುಮಾರಿನಲ್ಲಿ. ಪ್ರೊಪೇನ್ ಮೈನಸ್ 42ರಲ್ಲಿ. ಎಂದರೆ, ಹಿಮಗಟ್ಟುವ ಮುಂಜಾವದಲ್ಲಿ ಬ್ಯೂಟೇನಿನ ಡಬ್ಬಿ ತುಂಬಿದ್ದರೂ ಬರಿದಾದಂತೆಯೇ. ಒಳಗೆ ದ್ರವ ತುಳುಕುತ್ತಿದ್ದರೂ ಬರ್ನರಿನ ಬಾಯಿಗೆ ಏರಿ ಬರುವಷ್ಟು ಒತ್ತಡ ಅದಕ್ಕಿಲ್ಲ. ಹಾಗಾದರೆ ಡಬ್ಬಿಗೆ ಬರೀ ಪ್ರೊಪೇನನ್ನೇ ಏಕೆ ತುಂಬಬಾರದು? 20 ಡಿಗ್ರಿ ಉಷ್ಣತೆಯಲ್ಲಿ ಬ್ಯೂಟೇನಿನ ಒತ್ತಡ ವಾಯುಭಾರದ ಎರಡರಷ್ಟು, ಐಸೋಬ್ಯೂಟೇನಿನದು ಮೂರರಷ್ಟು, ಪ್ರೊಪೇನಿನದು ಎಂಟರಷ್ಟು. ಅದನ್ನು ತಡೆಯಬಲ್ಲ ಪಾತ್ರೆ ದಪ್ಪನೆಯ ಉಕ್ಕಿನದಾಗಬೇಕು. ಅಂಥದನ್ನು ಹೊರಲು ಹೇಸರಗತ್ತೆ ಬೇಕು. ತೆಳುತಗಡಿನ ಡಬ್ಬಿ ಸಹಿಸುವಷ್ಟು, ಸ್ಥೂಲವಾಗಿ ಐದರಲ್ಲೊಂದು ಪಾಲು, ಪ್ರೊಪೇನನ್ನು ಐಸೋಬ್ಯೂಟೇನಿನೊಡನೆ ಬೆರೆಸಿದ ಮಿಶ್ರಣವೇ ಒಳ್ಳೆಯ ಚಾರಣ ಡಬ್ಬಿಗಳ ಸೂತ್ರವಾದದ್ದು ಈ ರಾಜಿಯಿಂದ. ಕೊಳ್ಳುವಾಗ ಡಬ್ಬಿಯ ಬಣ್ಣವನ್ನೂ ಅದರ ಮೇಲಿನ ಹಿಮಶಿಖರದ ಚಿತ್ರವನ್ನೂ ಬದಿಗಿಟ್ಟು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಮಿಶ್ರಣದ ವಿವರವನ್ನು ಓದತಕ್ಕದ್ದು. ಉದ್ದ ಡಬ್ಬಿಗಳಲ್ಲಿ ಸಾಮಾನ್ಯವಾಗಿರುವಂತೆ ಬರಿಯ ಬ್ಯೂಟೇನ್ ಎಂದಿದ್ದರೆ ಅದು ಕೊಡಗಿನ ಡಿಸೆಂಬರಿಗೆ ಸಾಕು, ಲಡಾಖಿನ ಸೆಪ್ಟೆಂಬರಿಗೆ ಸಾಲದು.

ಇಲ್ಲಿ ಪ್ರಕೃತಿ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಳ್ಳುವ ಎರಡು ಸಂಗತಿಗಳುಂಟು. ಎತ್ತರಕ್ಕೆ ಏರಿದಂತೆ ವಾಯುಭಾರ ಇಳಿಯುತ್ತದೆಯಷ್ಟೆ. ನೀರಿನ ಕುದಿಬಿಂದುವಿನಂತೆಯೇ ಬ್ಯೂಟೇನಿನ ಕುದಿಬಿಂದುವೂ ಇಳಿಯುತ್ತದೆ. 4000 ಮೀಟರಿನಲ್ಲಿ ಅದು ಸುಮಾರು ಹನ್ನೆರಡು ಹದಿಮೂರು ಡಿಗ್ರಿ ಕೆಳಗೆ ಸರಿದಿರುತ್ತದೆಯಾದ್ದರಿಂದ, ಸಮುದ್ರಮಟ್ಟದ ಲೆಕ್ಕದಲ್ಲಿ ಸತ್ತುಹೋಗಬೇಕಾಗಿದ್ದ ಒಲೆ ಅಲ್ಲಿ ಹೇಗೋ ಉಸಿರಾಡುತ್ತದೆ. ಇದು ಕೊಟ್ಟದ್ದು. ಕಸಿದುಕೊಳ್ಳುವುದು ಹೀಗೆ: ದ್ರವ ಆವಿಯಾಗಬೇಕಾದರೆ ಉಷ್ಣವನ್ನು ಹೀರಬೇಕು, ಬೇಸಗೆಯಲ್ಲಿ ಮಣ್ಣಿನ ಹೂಜಿ ತನ್ನ ಮೈಯಿಂದ ನೀರಾರಿಸಿ ಒಳಗಣ ನೀರನ್ನು ತಂಪಾಗಿಸುವಂತೆ, ಉರಿಯುತ್ತಿರುವ ಒಲೆಯ ಡಬ್ಬಿ ತನ್ನನ್ನು ತಾನೇ ತಂಪಾಗಿಸಿಕೊಳ್ಳುತ್ತ ಹೋಗುತ್ತದೆ. ಒಂದು ಲೀಟರು ನೀರು ಕಾಯುವಷ್ಟರಲ್ಲಿ ಹಲವು ಡಿಗ್ರಿ ಇಳಿದು, ಹೊರಮೈಯಲ್ಲಿ ಇಬ್ಬನಿ ಕಟ್ಟಿ, ಚಳಿಯಿದ್ದರೆ ಹೆಪ್ಪುಗಟ್ಟುವುದುಂಟು. ಅದರ ಮೇಲೆ, ಮಿಶ್ರಣದಲ್ಲಿ ಚುರುಕಾದ ಪ್ರೊಪೇನ್ ಮೊದಲು ಹಾರಿಹೋಗಿ, ಮಂದವಾದುದು ಹಿಂದುಳಿಯುತ್ತದೆ. ಹೊಸ ಡಬ್ಬಿ ಮೊದಲ ದಿನ ಗರ್ಜಿಸಿ ನಾಲ್ಕನೆಯ ದಿನ ಮುಲುಗುವುದು ಈ ಕಾರಣದಿಂದ. ಅನುಭವಿಗಳು ರಾತ್ರಿ ಡಬ್ಬಿಯನ್ನು ಮಲಗುಚೀಲದೊಳಗೆ ಇರಿಸಿಕೊಳ್ಳುತ್ತಾರೆ; ಉರಿಸುವಾಗ ಅದನ್ನು ಬೋಗುಣಿಯಲ್ಲಿ ಎರಡು ಬೆರಳು ನೀರು ಹಾಕಿ ನಿಲ್ಲಿಸುತ್ತಾರೆ. ಹೆಪ್ಪುಗಟ್ಟದ ನೀರು ಎಷ್ಟು ತಣ್ಣಗಿದ್ದರೂ ಸೊನ್ನೆಗಿಂತ ಮೇಲೇ ಇರುವುದರಿಂದ, ಈ ಅಗ್ಗದ ಉಪಾಯದ ಮುಂದೆ ದುಬಾರಿ ಬರ್ನರುಗಳ ಎಷ್ಟೋ ಅಲಂಕಾರಗಳು ನಿಲ್ಲಲಾರವು.

ಈಗ ಬರ್ನರುಗಳ ವಿಚಾರ. ಡಬ್ಬಿಯ ನೆತ್ತಿಗೇ ತಿರುಪಿ ಕೂರಿಸುವ ಬಗೆ ಮೊದಲನೆಯದು. ಎಂಎಸ್‌ಆರ್ ಕಂಪನಿಯ ಪಾಕೆಟ್ ರಾಕೆಟ್, ಜಪಾನಿನ ಸೋಟೋ ಕಂಪನಿಯ ವಿಂಡ್‌ಮಾಸ್ಟರ್ ಮುಂತಾದವು ಈ ಕುಲದವು. 25 ಗ್ರಾಂ ತೂಗುವಂಥವೂ ಇವೆ, 90 ಗ್ರಾಂ ತೂಗುವಂಥವೂ ಇವೆ. ಮಾರುವವರು ಈ ಅರವತ್ತೈದು ಗ್ರಾಮಿನ ವ್ಯತ್ಯಾಸವನ್ನು ಮಹಾಭಾರತ ಮಾಡುತ್ತಾರಾದರೂ, ತುಂಬಿದ ಡಬ್ಬಿಯೊಂದು ಸುಮಾರು 380 ಗ್ರಾಂ ತೂಗುವುದೆಂಬುದನ್ನೂ, ಗಾಳಿಯಲ್ಲಿ ತತ್ತರಿಸುವ ಹಗುರ ಬರ್ನರು ಉಳಿಸಿದ ತೂಕವನ್ನು ಇಂಧನದಲ್ಲಿ ಕಳೆಯುವುದೆಂಬುದನ್ನೂ ನೆನೆದರೆ ಅದರ ಪ್ರತಾಪ ಇಳಿಯುತ್ತದೆ. ನೋಡಬೇಕಾದದ್ದು ಬರ್ನರಿನ ತಲೆಯನ್ನು: ಅಗಲವಾಗಿ, ಅಂಚಿಗಿಂತ ಕೊಂಚ ತಗ್ಗಿನಲ್ಲಿ ಜ್ವಾಲೆಯ ರಂಧ್ರಗಳಿದ್ದರೆ ಗಾಳಿಗೆ ಸುಲಭವಾಗಿ ಬಗ್ಗದು, ಪಾತ್ರೆಯ ನಡುವಿನಲ್ಲಿ ಮಾತ್ರ ತಳ ಹಿಡಿಯದು. ಆಮೇಲೆ ಕಾಲುಗಳನ್ನು: ಗಿಡ್ಡನೆಯ ಮೂರು ಕಡ್ಡಿಗಳ ಮೇಲೆ ಎರಡು ಲೀಟರಿನ ಪಾತ್ರೆ ನಿಲ್ಲಿಸುವುದು ರಾತ್ರಿಯ ಊಟವನ್ನು ಭೂಮಿತಾಯಿಗೆ ನಿವೇದಿಸುವ ಕ್ರಮ. ರೆಗ್ಯುಲೇಟರ್ ಇದೆಯೆಂದು ಹೆಚ್ಚು ಬೆಲೆ ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಡಬ್ಬಿಯ ಒತ್ತಡ ಏರಿಳಿದರೂ ಜ್ವಾಲೆಯನ್ನು ಒಂದೇ ಸಮನಾಗಿಡಲು ಅದು ಸಹಾಯಕ. ಆದರೆ ಆವಿಯೇ ಆಗದ ದ್ರವವನ್ನು ಆವಿಯಾಗಿಸುವ ಶಕ್ತಿ ಅದಕ್ಕಿಲ್ಲ; ಶೀತಕ್ಕೆ ಅದು ಮದ್ದೆಂಬ ಪ್ರಚಾರವನ್ನು ನಂಬಬೇಕಾಗಿಲ್ಲ. ಕಿಡಿ ಹಾರಿಸುವ ಗುಂಡಿಯೂ ಅಷ್ಟೇ. ಎತ್ತರದಲ್ಲಿ ಅದು ಮುನಿಸಿಕೊಳ್ಳುವುದು ಸಾಮಾನ್ಯವಾದ್ದರಿಂದ ಜೇಬಿನಲ್ಲಿ ಬೆಂಕಿಪೊಟ್ಟಣವಿರಲೇಬೇಕು.

ಎರಡನೆಯ ಬಗೆಯಲ್ಲಿ ಬರ್ನರು ತನ್ನ ಕಾಲಿನ ಮೇಲೆ ತಾನು ನೆಲದಲ್ಲಿ ನಿಂತಿರುತ್ತದೆ. ಡಬ್ಬಿ ಒಂದು ಮೆತುನಳಿಗೆಯ ತುದಿಯಲ್ಲಿ ದೂರವಿರುತ್ತದೆ. ತೂಕ 150ರಿಂದ 200 ಗ್ರಾಂ ಅಥವಾ ಹೆಚ್ಚು. ಜ್ವಾಲೆಯ ನಡುವೆ ಹಾದುಹೋಗುವ ಲೋಹದ ಕೊಳವೆಯುಳ್ಳ ಒಲೆಯಾದರೆ, ಹೊತ್ತಿಸಿ ಅರ್ಧ ನಿಮಿಷ ಕಾಯಲು ಬಿಟ್ಟು, ಡಬ್ಬಿಯನ್ನು ಮೆಲ್ಲಗೆ ತಲೆಕೆಳಗು ಮಾಡಬಹುದು. ಆಗ ಡಬ್ಬಿಯಿಂದ ಬರುವುದು ಆವಿಯಲ್ಲ, ದ್ರವವೇ. ಅದು ಕಾದ ಕೊಳವೆಯಲ್ಲಿ ಆವಿಯಾಗುತ್ತದೆ. ಮಿಶ್ರಣ ಮೊದಲಿನಿಂದ ಕೊನೆಯವರೆಗೆ ಒಂದೇ ಪ್ರಮಾಣದಲ್ಲಿ ಹೊರಬರುವುದರಿಂದ ಪ್ರೊಪೇನ್ ಮುಂದಾಗಿ ಓಡಿಹೋಗುವ ತೊಂದರೆಯೂ ಇಲ್ಲ. ಸ್ಥೂಲವಾಗಿ ಇನ್ನೂ ಹತ್ತು ಡಿಗ್ರಿ ಶೀತವನ್ನು ಒಲೆ ತಾಳಿಕೊಳ್ಳುತ್ತದೆ. ಆದರೆ ಒಲೆಯ ಕಿವಿ ತಿರುಗಿಸಿದೊಡನೆ ಉರಿ ತಗ್ಗದು, ನಳಿಗೆಯಲ್ಲಿರುವ ದ್ರವ ಮುಗಿಯುವವರೆಗೆ ತಡೆಯಬೇಕು. ಕೊಳವೆಯಿಲ್ಲದ ಒಲೆಯಲ್ಲಿ ಈ ಸಾಹಸ ಮಾಡಿದರೆ ಆಳೆತ್ತರದ ಜ್ವಾಲೆ ಏಳುತ್ತದೆ. ಮೂರನೆಯದು ಜೆಟ್‌ಬಾಯ್ಲ್ ಮುಂತಾದ ಜೋಡಿ ಒಲೆಗಳು: ತಳದಲ್ಲಿ ಮಡಿಕೆ ಮಡಿಕೆಯಾದ ಲೋಹದ ಪಟ್ಟಿಯುಳ್ಳ ಉದ್ದನೆಯ ಲೋಟ ಬರ್ನರಿಗೇ ಅಂಟಿಕೊಂಡಿರುತ್ತದೆ. ನೀರು ಕುದಿಸುವುದರಲ್ಲಿ ಇವಕ್ಕೆ ಸಮನಾದವು ಇಲ್ಲ, ಇಂಧನವನ್ನೂ ಮಿತವಾಗಿ ಬಳಸುತ್ತವೆ.

ಆದರೆ ನಾವು ಬೆಟ್ಟದ ಮೇಲೆ ಮಾಡುವುದು ನೀರು ಕುದಿಸುವುದಷ್ಟನ್ನೇ ಏನು? ಒಲೆಗಳನ್ನು ಕುರಿತ ಪಾಶ್ಚಾತ್ಯ ಪರೀಕ್ಷೆಗಳಲ್ಲಿ ಹೆಚ್ಚಿನವು ಅರ್ಧ ಲೀಟರು ಅಥವಾ ಒಂದು ಲೀಟರು ನೀರು ಎಷ್ಟು ಹೊತ್ತಿಗೆ ಕುದಿಯಿತೆಂಬುದರ ಮೇಲೆ ತೀರ್ಪು ಕೊಡುತ್ತವೆ. ಅಲ್ಲಿಯ ಚಾರಣಿಗನು ಕುದಿನೀರನ್ನು ಒಣಗಿಸಿದ ಆಹಾರದ ಪೊಟ್ಟಣಕ್ಕೆ ಸುರಿದು, ಹತ್ತು ನಿಮಿಷ ಕಾದು ಉಣ್ಣುವವನಾದ್ದರಿಂದ ಆ ಅಳತೆ ಅವನಿಗೆ ಸರಿ. ಆದರೆ ನಾವು ಮನೆಯಲ್ಲಿಯೇ ಹುರಿದು ಒಗ್ಗರಣೆ ಬೆರೆಸಿ ತಂದ ರವೆಯ ಉಪ್ಪಿಟ್ಟಿಗೂ, ಶ್ಯಾವಿಗೆಗೂ, ಗಂಜಿಗೂ ಬೇಕಾದದ್ದು ಸಣ್ಣ ಉರಿ, ಅಗಲ ತಳದ ಪಾತ್ರೆ, ಸೌಟು ಆಡಿಸಲು ಎಡೆ. ಉದ್ದ ಲೋಟದ ಒಲೆಯಲ್ಲಿ ಉಪ್ಪಿಟ್ಟು ಮಾಡಹೊರಟರೆ ತಳದಲ್ಲಿ ಒಂದು ಅಂಗುಲ ಕರಕಲು, ಮೇಲೆ ಹಸಿ ರವೆ. ಆದ್ದರಿಂದ ನಮ್ಮವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, ಇದು ಎಷ್ಟು ಜೋರಾಗಿ ಉರಿಯುತ್ತದೆಂದಲ್ಲ, ಆರಿಹೋಗದೆ ಎಷ್ಟು ಸಣ್ಣಗೆ ಉರಿಯುತ್ತದೆಂದು. ಪೂರ್ತಿ ಉರಿ ಪುಟ್ಟ ಪಾತ್ರೆಯ ಪಕ್ಕೆಗಳನ್ನು ಸವರಿ ಆಕಾಶಕ್ಕೆ ಹೋಗುವುದರಿಂದ ನೀರು ಕಾಯಿಸುವಾಗಲೂ ಮಧ್ಯಮ ಉರಿಯೇ ಲಾಭಕರ. ಬೇಳೆಯ ಮಾತೇ ಬೇರೆ. ಪ್ರತಿ 300 ಮೀಟರು ಏರಿಕೆಗೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುವುದರಿಂದ, 3500 ಮೀಟರು ಎತ್ತರದ ಲೇಹ್ ನಗರದಲ್ಲಿ ನೀರು 88 ಡಿಗ್ರಿಯಲ್ಲೇ ಕುದಿಯುತ್ತದೆ. ತೊಗರಿಬೇಳೆ ಅಲ್ಲಿ ಗಂಟೆಗಟ್ಟಲೆ ಕುಣಿದರೂ ಮೆತ್ತಗಾಗದು. ಹಿಮಾಲಯದ ಅಡುಗೆ ಡೇರೆಗಳಲ್ಲಿ ಪ್ರೆಷರ್ ಕುಕ್ಕರ್ ಕೂಗುವುದು ಅದಕ್ಕಾಗಿ. ಆದರೆ ಆ ಡೇರೆಗಳ ಒಲೆಗಳೂ ಸಿಲಿಂಡರುಗಳೂ ಹೇಸರಗತ್ತೆಯ ಬೆನ್ನ ಮೇಲೆ ಬಂದಂಥವು. ಬೆನ್ನಚೀಲದ ಬರ್ನರಿನ ಮೇಲೆ ಕುಕ್ಕರ್ ಏರಿಸಬಾರದು. ಅವಲಕ್ಕಿ, ಹುರಿಹಿಟ್ಟುಗಳನ್ನು ನಮ್ಮ ಹಿರಿಯರು ಕಂಡುಹಿಡಿದಿಟ್ಟಿರುವುದು ಇಂಥ ಸಂದರ್ಭಕ್ಕೇ ಎಂದು ತೃಪ್ತಿಪಟ್ಟುಕೊಳ್ಳಬೇಕು.

ಗಾಳಿಯನ್ನು ಕುರಿತು ಒಂದು ಎಚ್ಚರಿಕೆಯ ಮಾತು. ಗಾಳಿ ಬೀಸುವಲ್ಲಿ ಇಂಧನದ ಖರ್ಚು ಎರಡು ಪಟ್ಟೂ ಆಗಬಹುದು. ಅದನ್ನು ತಡೆಯಲು ತಗಡಿನ ಮರೆ ಕಟ್ಟುವುದು ಸಹಜ. ಡಬ್ಬಿ ದೂರವಿರುವ ಒಲೆಯಲ್ಲಿ ಬರ್ನರಿನ ಸುತ್ತ ಪೂರ್ತಿ ಮರೆ ಕಟ್ಟಬಹುದು. ಡಬ್ಬಿಯ ನೆತ್ತಿಯ ಮೇಲೇ ಬರ್ನರು ಕೂರುವ ಒಲೆಗೆ ಹಾಗೆ ಸುತ್ತುಗಟ್ಟಿದರೆ ಮೇಲಣ ಉಷ್ಣ ಡಬ್ಬಿಗೆ ಇಳಿದು, 50 ಡಿಗ್ರಿ ಮೀರಬಾರದೆಂದು ಮೈಮೇಲೆಯೇ ಬರೆಸಿಕೊಂಡಿರುವ ಆ ಡಬ್ಬಿ ಸಿಡಿಯುವ ಸಂಭವವುಂಟು. ಗಾಳಿ ಬರುವ ಒಂದೇ ಪಕ್ಕಕ್ಕೆ ಬಂಡೆಯನ್ನೋ ಬೆನ್ನಚೀಲವನ್ನೋ ಅಡ್ಡವಿಟ್ಟು, ಆಗಾಗ್ಗೆ ಡಬ್ಬಿಯನ್ನು ಮುಟ್ಟಿ ನೋಡಿ, ಕೈ ಸುಡುವಂತಿದ್ದರೆ ಒಡನೆಯೇ ಆರಿಸತಕ್ಕದ್ದು. ಮಳೆ ಚಳಿಗಳಿಗೆ ಅಂಜಿ ಗುಡಾರದ ಬಾಗಿಲು ಮುಚ್ಚಿ ಒಳಗೆ ಒಲೆ ಹೊತ್ತಿಸುವುದು ಇನ್ನೂ ಅಪಾಯಕರ; ಅಪೂರ್ಣ ದಹನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ತುಂಬಿಕೊಂಡದ್ದು ಮಲಗಿದವನಿಗೆ ತಿಳಿಯುವುದೇ ಇಲ್ಲ.

ಎಷ್ಟು ಅನಿಲ ಬೇಕು? ತಿರುಪಿನ ಡಬ್ಬಿಗಳು ಸ್ಥೂಲವಾಗಿ 100, 230, 450 ಗ್ರಾಮುಗಳ ಮೂರು ಗಾತ್ರಗಳಲ್ಲಿ ಬರುತ್ತವೆ. ಗಾಳಿಯಿಲ್ಲದ ಕಡೆ ಒಂದು ಲೀಟರು ನೀರನ್ನು ಕುದಿಸಲು ಹನ್ನೆರಡರಿಂದ ಹದಿನೈದು ಗ್ರಾಂ ಖರ್ಚಾಗುವುದೆಂದು ಇಟ್ಟುಕೊಂಡರೆ, ನಡುವಣ ಡಬ್ಬಿ ಹದಿನೈದು ಲೀಟರಿಗೆ ಬಂದೀತು. ಹಿಮ ಕರಗಿಸಿ ಕುಡಿಯಬೇಕಾದ ಎತ್ತರದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಒಂದು ಕಿಲೋ ಹಿಮಗಡ್ಡೆ ಕರಗಿ ಸೊನ್ನೆ ಡಿಗ್ರಿಯ ನೀರಾಗಲು ಹೀರುವ ಉಷ್ಣ, ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಲು ಬೇಕಾದಷ್ಟು. ಕುಡಿಯುವ ನೀರಿಗಾಗಿ ಹಿಮವನ್ನೇ ನೆಚ್ಚಿಕೊಂಡವರು ಅನಿಲವನ್ನು ಇಮ್ಮಡಿಯಾಗಿ ಒಯ್ಯಬೇಕು.

ಒಯ್ಯುವ ಮಾತು ಬಂದಾಗ ದಕ್ಷಿಣದವರಿಗೆ ಎದುರಾಗುವ ನಿಜವಾದ ಅಡಚಣೆ ಮುಂದೆ ನಿಲ್ಲುತ್ತದೆ. ವಿಮಾನದಲ್ಲಿ ಅನಿಲದ ಡಬ್ಬಿಯನ್ನು ಕೈಚೀಲದಲ್ಲಿಯೂ ಒಯ್ಯುವಂತಿಲ್ಲ, ಸರಕಿನ ಪೆಟ್ಟಿಗೆಯಲ್ಲಿಯೂ ಒಯ್ಯುವಂತಿಲ್ಲ. ರೈಲಿನಲ್ಲಿ ಒಯ್ಯೋಣವೆಂದರೆ, ಅಪಾಯಕರ ವಸ್ತುಗಳ ಸಾಗಣೆಗೆ 1989ರ ರೈಲ್ವೆ ಕಾಯಿದೆಯ 164ನೆಯ ವಿಧಿ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಬಲ್ಲದು. ಹೀಗಾಗಿ ಬೆಂಗಳೂರಿನಿಂದ ಹೊರಡುವವನು ಒಯ್ಯಬಲ್ಲದ್ದು ಬರ್ನರನ್ನು ಮಾತ್ರ. ಡಬ್ಬಿಯನ್ನು ಬೆಟ್ಟದ ಬುಡದಲ್ಲಿ, ಮನಾಲಿಯಲ್ಲೋ ಲೇಹ್‌ನಲ್ಲೋ ಕಾಠ್ಮಂಡುವಿನ ಥಮೆಲ್ ಬಡಾವಣೆಯಲ್ಲೋ, ದೊರೆತದ್ದರಲ್ಲಿ ಆರಿಸಿಕೊಳ್ಳಬೇಕು. ಬಹುಮಟ್ಟಿಗೆ ಅಲ್ಲೆಲ್ಲ ಸಿಕ್ಕುವುದು ತಿರುಪಿನ ಡಬ್ಬಿಯೋ ಉದ್ದ ಡಬ್ಬಿಯೋ ಆಗಿರುವುದರಿಂದ, ಚುಚ್ಚುವ ಬಗೆಯ ಒಲೆಯನ್ನು ಈ ದೇಶದಲ್ಲಿ ಕೊಳ್ಳುವುದು ವ್ಯರ್ಥ. ತಿರುಪಿನ ಒಲೆಯನ್ನು ಕೊಂಡು, ಉದ್ದ ಡಬ್ಬಿಗೂ ಹೊಂದಿಸುವ ಅಡಾಪ್ಟರೊಂದನ್ನು ಜೊತೆಗಿರಿಸಿಕೊಳ್ಳುವುದು ಜಾಣತನ. ಉದ್ದ ಡಬ್ಬಿಯನ್ನು ಮಲಗಿಸಿ ಬಳಸುವಾಗ ಅದರ ಅಂಚಿನ ಕಚ್ಚು ಮೇಲ್ಮುಖವಾಗಿರಬೇಕು. ಇಲ್ಲವಾದರೆ ಆವಿಗೆ ಬದಲು ದ್ರವ ಹರಿದು ಜ್ವಾಲೆ ಭುಗಿಲೇಳುತ್ತದೆ. ಮರುತುಂಬಿದ ಡಬ್ಬಿಗಳೂ ಮಾರಾಟಕ್ಕಿರುವುದುಂಟು. ಒಳಗೆ ಯಾವ ಅನಿಲವಿದೆಯೆಂಬುದು ತುಂಬಿದವನಿಗೇ ಗೊತ್ತು. ಅಡುಗೆಮನೆಯ ಎಲ್‌ಪಿಜಿಯಲ್ಲಿ ಪ್ರೊಪೇನಿನ ಪಾಲು ತೆಳುತಗಡು ತಾಳುವುದಕ್ಕಿಂತ ಹೆಚ್ಚಿರಬಹುದು. ತಿರುಪಿನ ಸುತ್ತ ಸವೆತವಿದ್ದರೆ, ಮುಚ್ಚಳ ಇಲ್ಲದಿದ್ದರೆ, ಬಣ್ಣ ಕೆರೆದಿದ್ದರೆ ಬಿಟ್ಟುಬಿಡುವುದು ಮೇಲು.

ಇಷ್ಟನ್ನು ಒಪ್ಪುವುದಾದರೆ ನನ್ನ ತೀರ್ಪು ಹೀಗಿದೆ: ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ, ಹಿಮ ತುಳಿಯದ ದಾರಿಗಳಲ್ಲಿ, ಒಬ್ಬಿಬ್ಬರು ನಡೆಯುವುದಾದರೆ ನೆತ್ತಿಯ ಮೇಲೆ ಕೂರುವ, ಅಗಲ ತಲೆಯ, ನಾಲ್ಕು ಕಾಲಿನ, 80–90 ಗ್ರಾಮಿನ ಒಲೆ ಸಾಕು. ಚಳಿಗಾಲಕ್ಕೆ, ನಾಲ್ವರ ಅಡುಗೆಗೆ, ನಮ್ಮ ಬಗೆಯ ಪಾಕಕ್ಕೆ ಡಬ್ಬಿ ದೂರವಿರುವ ಒಲೆಯನ್ನೇ ಕೊಳ್ಳಬೇಕು. ನೆಲಕ್ಕೆ ಹತ್ತಿರವಿರುವ ಅದರ ಸ್ಥೈರ್ಯವೊಂದಕ್ಕೇ ನೂರು ಗ್ರಾಂ ಹೆಚ್ಚು ಹೊರುವುದು ಸಾರ್ಥಕ. ಜೋಡಿ ಒಲೆ ಚಹಾ ಕಾಫಿಗಳ ಭಕ್ತರಿಗೆ.

ಹಿಂದಿರುಗುವಾಗ ಅರ್ಧ ಉಳಿದ ಡಬ್ಬಿಯನ್ನು ವಿಮಾನಕ್ಕೆ ಏರಿಸುವಂತಿಲ್ಲವಾದ್ದರಿಂದ, ಬೆಟ್ಟದ ಊರುಗಳ ವಸತಿಗೃಹಗಳಲ್ಲಿ ಯಾರೋ ಬಿಟ್ಟುಹೋದ ಡಬ್ಬಿಗಳು ಬಂದು ಸೇರುತ್ತವೆ. ಹೊಸದಾಗಿ ಹೊರಟವರು ಕೇಳಿ ಪಡೆದರೆ ಇಬ್ಬರಿಗೂ ಒಳಿತು. ಉಳಿದಿರುವುದೆಷ್ಟೆಂದು ಅಲುಗಿಸಿ ನೋಡಿ ಊಹಿಸುವುದಕ್ಕಿಂತ, ಬಕೆಟ್ಟಿನ ನೀರಿನಲ್ಲಿ ತೇಲಬಿಟ್ಟು, ಎಷ್ಟರ ಮಟ್ಟಿಗೆ ಮುಳುಗುತ್ತದೆಂದು ಅದೇ ಗಾತ್ರದ ಹೊಸ ಡಬ್ಬಿಯೊಡನೆ ಹೋಲಿಸಿದರೆ ಉತ್ತರ ಹೆಚ್ಚು ಖಚಿತ. ಪೂರ್ತಿ ಮುಗಿದದ್ದನ್ನು, ಜ್ವಾಲೆ ತಾನಾಗಿ ಆರುವವರೆಗೆ ಉರಿಸಿ, ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮೊಳೆಯಿಂದ ಚುಚ್ಚಿ ತೂತು ಮಾಡಿದ ಮೇಲೆ ಅದು ಬರಿಯ ತಗಡು, ಗುಜರಿಯವನು ತೆಗೆದುಕೊಳ್ಳುತ್ತಾನೆ. ತೂತು ಮಾಡದ ಡಬ್ಬಿಯನ್ನು ಅವನು ಮುಟ್ಟಲು ಹೆದರುವುದು ನ್ಯಾಯವೇ ಆಗಿದೆ.